ಡಬ್ಬಿ ಕೇಳುವ ಮೊದಲೇ ಉತ್ತರ ಕೊಟ್ಟ ಮಕ್ಕಳು

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಶಿಕ್ಷಕಿಯರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಮೊಬೈಲಿನಲ್ಲಿ ಹಾಡು, ಕಥೆ ಕೇಳಿಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕಂತೆ. ನೀವು ವರ್ಷಗಟ್ಟಲೆ ಅದೇ ಕೆಲಸದಲ್ಲಿ ಇದ್ದವರಲ್ಲವೇ, ನಾಲ್ಕು ಮಾತು ಹೇಳಿ ಎಂದರು. ಚಹಾ ಮುಗಿಯುವ ತನಕ ನಾಲ್ಕು ಮಾತು ಹೇಳಿದೆ. ಅವರು ಹೋದ ಮೇಲೆ ಯೋಚಿಸಿದರೆ, ನಾನು ಹೇಳಿದ್ದೆಲ್ಲ ತರಬೇತಿ ಕೊಠಡಿಯ ಮಾತು. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಒಂದಿಷ್ಟೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾರನ್ನೂ ನಂಬುತ್ತಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಶಿಕ್ಷಕರು ಎದುರಿಗೆ ನನ್ನನ್ನು ‘ಬಾಯಾರ’ ಎಂದು ಗೌರವದಿಂದ ಕರೆಯುತ್ತಿದ್ದರು, ಬೆನ್ನ ಹಿಂದೆ ‘ಸಿಐಡಿ ಬಾಯಿ’ ಎನ್ನುತ್ತಿದ್ದರು. ನಾನು ಬಸ್ಸಿನಿಂದ ಇಳಿದ ಸುದ್ದಿ ನನಗಿಂತ ಮೊದಲು ಶಾಲೆ ಮುಟ್ಟುತ್ತಿತ್ತು. ಅದು ಗೊತ್ತಾದ ಮೇಲೆ ಒಂದು ಸ್ಟಾಪು ಮೊದಲೇ ಇಳಿದು ಹೊಲದ ದಾರಿ ಹಿಡಿದು ನಡೆದು ಹೋಗುವುದನ್ನು ರೂಢಿ ಮಾಡಿಕೊಂಡೆ. ಬಿಸಿಲಿಗೆ ತಲೆ ಸುಟ್ಟರೂ ಚಿಂತೆಯಿರಲಿಲ್ಲ, ಯಾರಾದರೂ ಸಿಕ್ಕಿಬೀಳುತ್ತಿದ್ದರು.

ಹದಿನೈದು ವರ್ಷ ವರ್ಗದಲ್ಲಿ ಕಲಿಸಿದ ಮೇಲೆ ನನ್ನನ್ನು ಈ ಕೆಲಸಕ್ಕೆ ಹಾಕಿದರು. ಸರಕಾರಿ ಶಾಲೆಗಳಿಗೆ ಎಲ್ಲರೂ ‘ಡಬ್ಬಿ’ ಎನ್ನುತ್ತಿದ್ದ ಟೇಪ್ ರೆಕಾರ್ಡರ್ ಮತ್ತು ಇಂಗ್ಲಿಷ್ ಪಾಠದ ಕ್ಯಾಸೆಟ್ಟುಗಳು ಬಂದಿದ್ದವು. ಅವನ್ನು ಹೇಗೆ ಬಳಸಬೇಕು ಎಂದು ಶಿಕ್ಷಕರಿಗೆ ತೋರಿಸುವುದು, ಆಮೇಲೆ ಬಳಸುತ್ತಿದ್ದಾರೋ ಇಲ್ಲವೋ ಎಂದು ಹೋಗಿ ನೋಡುವುದು, ಇವೆರಡೇ ನನ್ನ ಕೆಲಸ. ಮೊದಲನೆಯದಕ್ಕಿಂತ ಎರಡನೆಯದರಲ್ಲಿ ನನಗೆ ರುಚಿ ಜಾಸ್ತಿ.

ಆ ಪಾಠಗಳ ರೀತಿ ಹೀಗಿತ್ತು. ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾಳೆ. ನಡುವೆ ಹಾಡು, ನಡುವೆ ಪ್ರಶ್ನೆ. ಪ್ರಶ್ನೆ ಕೇಳಿ ಆಕೆ ಸುಮ್ಮನಾಗುತ್ತಾಳೆ. ಅಷ್ಟರೊಳಗೆ ಮಕ್ಕಳು ಉತ್ತರ ಹೇಳಬೇಕು. ಆಮೇಲೆ ಆಕೆ ‘ವೆರಿ ಗುಡ್’ ಎನ್ನುತ್ತಾಳೆ. ಮಕ್ಕಳು ಹೇಳಲಿ ಬಿಡಲಿ, ಸರಿ ಹೇಳಲಿ ತಪ್ಪು ಹೇಳಲಿ, ಆಕೆ ವೆರಿ ಗುಡ್ ಅನ್ನುವುದು ಅನ್ನುವುದೇ. ನನಗೆ ಆಕೆಯ ಮೇಲೂ ಅನುಮಾನವಿತ್ತು.

ಇಂಡಿ ತಾಲೂಕಿನ ಒಂದು ಶಾಲೆಯಲ್ಲಿ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ದಸರೆಯಲ್ಲಿ ಹಚ್ಚಿದ ಅರಿಸಿನ ಕುಂಕುಮ ಅದರ ಮೇಲೆ ಹಾಗೇ ಇತ್ತು. ರಜಿಸ್ಟರ್ ನೋಡಿದರೆ ದಿನಾ ಒಂದು ಪಾಠ ಕೇಳಿಸಿದ ದಾಖಲೆ. ಬ್ಯಾಟರಿ ಹಾಕುವ ಜಾಗದ ಮುಚ್ಚಳ ತೆಗೆದೆ. ಒಳಗೆ ಹಲ್ಲಿಯ ತತ್ತಿಗಳಿದ್ದವು.

“ನಿನ್ನೆ ಇಟ್ಟಿರಬೇಕ್ರಿ ಬಾಯಾರ” ಎಂದರು ಹೆಡ್‌ಮಾಸ್ತರು. “ಮೊನ್ನಿ ಬ್ಯಾಟರಿ ತಗದೇವಿ ನೋಡ್ರಿ, ಹೊಸಾವು ಹಾಕಾಕಂತ.”

“ಮರಿ ಹೊರಗ ಬಂದು ಹೋಗ್ಯಾವಲ್ರಿ ಸರ. ಬರೇ ಸಿಪ್ಪಿ ಅದಾವ.”

ಅವರು ಬಗ್ಗಿ ನೋಡಿದರು. “ಇಲ್ಲಿ ಹಲ್ಲಿ ಭಾಳ ಚುರುಕು ಅದಾವ್ರಿ” ಎಂದರು. ಸುಳ್ಳೇ ಆದರೂ ಆ ಮಾತಿಗೆ ನಗು ಬಂತು. ನಗುತ್ತಲೇ ವರದಿ ಬರೆದೆ. ಪಾಪ, ಅವರ ಕಷ್ಟ ಬೇರೆ ಇತ್ತು. ಡಬ್ಬಿ ಕೆಟ್ಟರೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆಯಿಂದ ಆಗ ಎಷ್ಟೋ ಶಾಲೆಗಳಲ್ಲಿ ಅದನ್ನು ದೇವರಂತೆ ಒಳಗೇ ಕೂರಿಸಿಬಿಟ್ಟಿದ್ದರು.

ಸಿಂದಗಿ ಕಡೆಯ ಒಬ್ಬ ಮಾಸ್ತರು ಇನ್ನೂ ಜಾಣರು. ನಾನು ಹೊಲದ ದಾರಿಯಲ್ಲಿ ಬರುವಾಗಲೇ ಶಾಲೆಯಿಂದ ಇಂಗ್ಲಿಷ್ ಹಾಡು ಜೋರಾಗಿ ಕೇಳುತ್ತಿತ್ತು. ಖುಷಿಯಾಗಬೇಕಿತ್ತು, ನನ್ನ ಕಿವಿ ನೆಟ್ಟಗಾಯಿತು. ಹೋಗಿ ನೋಡಿದರೆ ವರ್ಗ ಖಾಲಿ. ಮಕ್ಕಳೆಲ್ಲ ಹಿಂದಿನ ಬಯಲಿನಲ್ಲಿ ಖೊ ಖೊ ಆಡುತ್ತಿದ್ದರು. ಡಬ್ಬಿಯನ್ನು ರಸ್ತೆಯ ಕಡೆಗಿನ ಕಿಟಕಿಯಲ್ಲಿಟ್ಟು ಮಾಸ್ತರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕೇಳಿದರೆ, “ಊರಾಗಿನ ಮಂದಿಗೆ ಸಾಲಿ ನಡದೈತಿ ಅಂತ ಗೊತ್ತಾಗಬೇಕಲ್ರಿ” ಎಂದರು.

ಬಾಗೇವಾಡಿ ತಾಲೂಕಿನ ಶಾಲೆಯೊಂದರಲ್ಲಿ ಮಕ್ಕಳು ಡಬ್ಬಿಯ ಪ್ರತಿ ಪ್ರಶ್ನೆಗೂ ಒಕ್ಕೊರಲಿನಿಂದ ಸರಿಯಾದ ಉತ್ತರ ಕೊಟ್ಟರು. ಒಂದೂ ತಪ್ಪಿಲ್ಲ. ಒಂದೂ ತಪ್ಪಿಲ್ಲದ್ದನ್ನು ನಾನು ನಂಬಿದವಳೇ ಅಲ್ಲ. ಕ್ಯಾಸೆಟ್ಟು ತೆಗೆದು ಬೇರೆಯದನ್ನು ಹಾಕಿದೆ. ಡಬ್ಬಿಯ ಹೆಣ್ಣುಮಗಳು ನಿನ್ನ ವಯಸ್ಸೆಷ್ಟು ಎಂದು ಕೇಳಿದಳು. ಮಕ್ಕಳು ಮೊದಲಿನ ಪಾಠದ ಉತ್ತರವನ್ನೇ ಕೂಗಿ ಹೇಳಿದರು, “ಇಟ್ ಈಸ್ ಎ ಕ್ಯಾಟ್.” ಆಕೆ ವೆರಿ ಗುಡ್ ಎಂದಳು. ಪ್ರಶ್ನೆ ಬೇಕಾಗಿಯೇ ಇರಲಿಲ್ಲ, ಸುಮ್ಮನಾದ ಕೂಡಲೇ ಸಾಲಾಗಿ ಒಂದೊಂದು ಉತ್ತರ ಒಪ್ಪಿಸುವುದನ್ನು ಕಲಿಸಿದ್ದರು. ಅಂದಿನಿಂದ ಚೆನ್ನಾಗಿ ಉತ್ತರ ಹೇಳುವ ವರ್ಗ ಕಂಡರೆ ನನ್ನ ಹುಬ್ಬು ಮೇಲೇರುವುದು ರೂಢಿಯಾಯಿತು.

ಮುಂದೆ ಕ್ಯಾಸೆಟ್ಟು ಹೋಗಿ ಸಿಡಿ ಬಂತು. ಸಿಡಿ ಗೀರು ಬಿದ್ದು ತೊದಲತೊಡಗಿದ ಮೇಲೆ ಪೆನ್ ಡ್ರೈವ್ ಹಾಕುವ ಸ್ಪೀಕರ್ ಡಬ್ಬಿ ಬಂತು. ಕೊನೆಗೆ ಎಲ್ಲವೂ ಮೊಬೈಲಿಗೆ ಬಂತು. ನಮ್ಮ ಸಾಹೇಬರು ವಾಟ್ಸಾಪಿನಲ್ಲಿ ಗುಂಪು ಮಾಡಿ, ದಿನಾ ಪಾಠ ಕೇಳಿಸುವ ಫೋಟೋ ಹಾಕಬೇಕು ಎಂದು ಆಜ್ಞೆ ಮಾಡಿದರು. ಕೆಲವರು ಸೋಮವಾರವೇ ಇಡೀ ವಾರದ ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದರು. ನಾನು ಫೋಟೋ ದೊಡ್ಡದು ಮಾಡಿ ಮಕ್ಕಳ ಮೊಣಕಾಲಿನ ಬ್ಯಾಂಡೇಜು, ಜಡೆಯ ರಿಬ್ಬನ್ನು ನೋಡಿ ಹಿಡಿಯುತ್ತಿದ್ದೆ. ಸಾಹೇಬರಿಗೆ ಅದು ಬೇಕಿರಲಿಲ್ಲ. “ಬಾಯಾರ, ನೀವು ಹಿಡ್ಯಾಕ ಹೋಗಬ್ಯಾಡ್ರಿ. ಫೋಟೋ ಬಂತಿಲ್ಲೋ, ಸಾಕು. ನಾನೂ ಮ್ಯಾಲೆ ಕಳಿಸಬೇಕಾಗೇತಿ” ಎನ್ನುತ್ತಿದ್ದರು. ಅವರನ್ನೂ ನಾನು ನಂಬಲಿಲ್ಲ.

ಇಷ್ಟೆಲ್ಲ ಕಳ್ಳದಾರಿಗಳು ನನಗೆ ಹೇಗೆ ಗೊತ್ತು ಎಂದು ಮಾತ್ರ ಇಡೀ ಸೇವೆಯಲ್ಲಿ ಯಾರೂ ಕೇಳಲಿಲ್ಲ. ಈಗ ನಾನೇ ಹೇಳುತ್ತೇನೆ. ಚಡಚಣದ ಕಡೆ ಗಡಿಯ ಒಂದು ಹಳ್ಳಿಯಲ್ಲಿ ನಾನು ಕಲಿಸುತ್ತಿದ್ದಾಗಲೇ ನಮ್ಮ ಶಾಲೆಗೂ ಒಂದು ಡಬ್ಬಿ ಬಂದಿತ್ತು. ನಮ್ಮ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ನನಗೆ ಪುಸ್ತಕದಿಂದ ಬಂದದ್ದು, ಅದನ್ನು ಮಾತಾಡುವವರನ್ನು ನಾನು ಎದುರಿಗೆ ಕಂಡವಳೇ ಅಲ್ಲ. ನಾಲ್ಕು ದಿನ ಡಬ್ಬಿ ಕೇಳಿಸಿದೆ. ಐದನೆಯ ದಿನ ಒಂದು ಹುಡುಗಿ ಎದ್ದು ನಿಂತು, “ಅಕ್ಕೋರ, ನೀವು ಹೇಳೂದು ಬ್ಯಾರೆ, ಡಬ್ಬಿ ಹೇಳೂದು ಬ್ಯಾರೆ ಐತ್ರಿ. ಯಾವುದು ಖರೆ?” ಎಂದಳು.

ಅವಳು ಕೊಂಕು ಮಾಡಿರಲಿಲ್ಲ, ತಿಳಿಯದೆ ಕೇಳಿದ್ದಳು. ಎರಡೂ ಖರೆ ಎಂದು ಹೇಳಿ ಡಬ್ಬಿ ಮುಚ್ಚಿದೆ. ಆಮೇಲೆ ಎರಡು ವರ್ಷ ಅದನ್ನು ತೆಗೆಯಲಿಲ್ಲ. ಪ್ರತಿ ಶನಿವಾರ ಕೂತು ವಾರದ ದಾಖಲೆ ಬರೆಯುತ್ತಿದ್ದೆ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಎರಡು ಪೆನ್ನು ಬಳಸುತ್ತಿದ್ದೆ. ತಪಾಸಣೆಗೆ ಬಂದವರು ನೋಡಿ, ಅಕ್ಷರ ದುಂಡಗಿದೆ ಎಂದು ಹೊಗಳಿ ಸಹಿ ಮಾಡಿದರು. ಅಂಥವಳನ್ನೇ ಇಲಾಖೆಯವರು ಹುಡುಕಿ ತೆಗೆದು ತಪಾಸಣೆಯ ಕೆಲಸಕ್ಕೆ ಹಾಕಿದರು. ನಾನು ಮಾಡಿದ್ದನ್ನೇ ಎಲ್ಲರೂ ಮಾಡುತ್ತಿರುತ್ತಾರೆ ಎಂದು ನಾನು ತಿಳಿದಿದ್ದೆ. ಬಹಳ ಸಲ ಅದು ನಿಜವೂ ಆಗುತ್ತಿತ್ತು.

ಇನ್ನು ರೇಣುಕಾ ಅಕ್ಕೋರ ವಿಷಯ.

ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯ ಆಚೆ ಹೊಳೆಯ ದಂಡೆಗೆ ಒಂದು ಹಳ್ಳಿ. ಅಲ್ಲಿ ಏಳನೇ ಇಯತ್ತೆಯವರೆಗಿನ ಶಾಲೆ. ಮೂರನೇ ಇಯತ್ತೆಯ ಇಂಗ್ಲಿಷ್ ರೇಣುಕಾ ಅಕ್ಕೋರ ಕಡೆ ಇತ್ತು. ಮೂವತ್ತರ ಆಸುಪಾಸಿನ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವ ಹೆಣ್ಣುಮಗಳು. ಹೆಚ್ಚು ಮಾತಾಡುವವರನ್ನು ನಾನು ಅನುಮಾನಿಸುತ್ತಿದ್ದೆ, ಕಡಿಮೆ ಮಾತಾಡುವವರನ್ನು ಇನ್ನೂ ಹೆಚ್ಚು.

ನಾನು ಒಳಗೆ ಹೋದಾಗ ಪಾಠ ನಡೆದಿತ್ತು. ಮಕ್ಕಳನ್ನು ಎದುರು ಬದುರು ಎರಡು ಸಾಲಾಗಿ ಕೂರಿಸಿದ್ದರು, ನಡುವೆ ಮೊಬೈಲಿಗೆ ಜೋಡಿಸಿದ ಸ್ಪೀಕರ್ ಡಬ್ಬಿ. ಒಂದು ಆಡು ತನ್ನ ಕೊರಳ ಗಂಟೆ ಕಳೆದುಕೊಂಡು ಕಾಗೆಯನ್ನು ಕೇಳುವ ಕಥೆ. ಡಬ್ಬಿಯ ಹೆಣ್ಣುಮಗಳು, “ವೇರ್ ಈಸ್” ಎನ್ನುವಷ್ಟರಲ್ಲಿ ಮಕ್ಕಳು, “ಆನ್ ದಿ ಟ್ರೀ, ಆನ್ ದಿ ಟ್ರೀ” ಎಂದು ಹಾಡಿಯೇ ಬಿಟ್ಟರು. ಆಕೆ ಪ್ರಶ್ನೆ ಮುಗಿಸಿ ಸುಮ್ಮನಾದಾಗ ಮಕ್ಕಳೂ ಸುಮ್ಮನಿದ್ದರು, ಮುಂದಿನದಕ್ಕೆ ಕಾಯುತ್ತಿದ್ದರು. ಪ್ರತಿ ಪ್ರಶ್ನೆಗೂ ಹೀಗೇ. ಆಕೆಯ ಮಾತು ತುದಿ ಮುಟ್ಟುವ ಮೊದಲೇ ಇವರ ಉತ್ತರ.

ನಾನು ಡಬ್ಬಿ ನಿಲ್ಲಿಸಿದೆ. ಬಾಗೇವಾಡಿಯ ಬೆಕ್ಕು ಕಣ್ಣ ಮುಂದೆ ಬಂತು.

“ಪ್ರಶ್ನಿ ಮುಗಿಯೂಕಿಂತ ಮೊದಲ ಉತ್ತರ ಹೇಳ್ರಿ ಅಂತ ಯಾರು ಕಲಿಸ್ಯಾರ ನಿಮಗ?”

ಎಲ್ಲರೂ ತಮ್ಮ ಅಕ್ಕೋರ ಮುಖ ನೋಡಿದರು. ರೇಣುಕಾ ಅಕ್ಕೋರು, “ಯಾರೂ ಕಲಿಸಿಲ್ರಿ. ಇವರು ಹಾಡೂ ರೂಢೀನ ಹಂಗ ಐತಿ” ಎಂದರು.

ರೂಢಿ ಎನ್ನುವ ಉತ್ತರ ನನಗೆ ಸಾಲಲಿಲ್ಲ. ನನ್ನ ಮೊಬೈಲಿನಲ್ಲಿ ಇನ್ನೂ ಯಾವ ಶಾಲೆಗೂ ಕೊಡದ ಒಂದು ಹೊಸ ಪಾಠವಿತ್ತು. ಅದನ್ನು ಕೇಳಿಸಿದೆ. ಪ್ರಶ್ನೆ ಬಂದಾಗ ಒಬ್ಬರೂ ಉತ್ತರ ಹೇಳಲಿಲ್ಲ. ಆದರೆ ಪ್ರತಿ ಸಾಲಿನ ಕಡೆಯ ಮಾತನ್ನು ಹಿಡಿದು ಹಿಂದಿನಿಂದ ಎಳೆದು ಹಾಡಿದರು. ಅರ್ಥವಿಲ್ಲದೆ ಬಾಲ ಹಿಡಿಯುವುದು, ಹಳೆಯದನ್ನು ಗಿಳಿಯಂತೆ ಒಪ್ಪಿಸುವುದು, ಇಷ್ಟೇ ಇವರ ವಿದ್ಯೆ ಎಂದು ನನಗೆ ಖಾತ್ರಿಯಾಯಿತು. ಮಕ್ಕಳಿಗೆ ಒಂದೆರಡು ಮಾತು ಬಿರುಸಾಗಿಯೇ ಅಂದೆ. ಏನೆಂದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಗರಜು ನನಗೆ ಆಗ ಕಾಣಲಿಲ್ಲ.

ರಜಿಸ್ಟರ್ ತರಿಸಿದೆ. ಐವತ್ತು ಪಾಠ ಮುಗಿದ ದಾಖಲೆ. ಮಕ್ಕಳನ್ನು ಎಷ್ಟು ಕಥೆ ಕೇಳಿದ್ದೀರಿ ಎಂದು ಕೇಳಿದರೆ ಬೆರಳು ಎಣಿಸಿ ನಾಲ್ಕು ಎಂದರು. ಅಲ್ಲಿಗೆ ಎಲ್ಲ ಮುಗಿಯಿತು. ರೇಣುಕಾ ಅಕ್ಕೋರನ್ನು ಹೊರಗೆ ಪಡಸಾಲೆಗೆ ಕರೆದೆ.

“ಇದು ಸುಳ್ಳಲ್ರಿ?”

“ಸುಳ್ಳು ಖರೇರಿ” ಎಂದರು. ಅಳುತ್ತಾರೆ ಎಂದು ನಾನು ಕಾದಿದ್ದೆ, ಅಳಲಿಲ್ಲ. “ಒಂದು ಕಥಿ ಹುಡುಗೂರ ಬಾಯಾಗ ಕೂಡಬೇಕಂದ್ರ ಎರಡು ಮೂರು ವಾರ ಬೇಕ್ರಿ. ಆಫೀಸಿನವರಿಗೆ ದಿನಾ ಒಂದು ಪಾಠ ಬೇಕು. ಅದಕ್ಕ ರಜಿಸ್ಟರ ಆಫೀಸಿನವರಿಗೆ ಬರದೇನಿ, ಪಾಠ ಹುಡುಗೂರಿಗೆ ಮಾಡೇನಿ.”

“ಇದನ್ನ ನಾ ವರದಿ ಮಾಡಬೇಕಾಗ್ತೈತಿ.”

“ಬರೀಬ್ಯಾಡ್ರಿ ಅನ್ನೂದಿಲ್ರಿ. ತಪ್ಪು ನಂದೈತಿ. ಆದ್ರ ಮೂರನೇತ್ತೆ ಇಂಗ್ಲಿಷ ನನ್ನ ಕಡೇನ ಇರಲಿ ಅಂತನೂ ಒಂದು ಮಾತು ಬರೀರಿ. ಈಗೀಗ ಬಾಯಿ ಬಿಡಾಕತ್ಯಾವ್ರಿ. ನಡುವ ಕೈ ಬಿಟ್ರ ಮತ್ತ ಮುಚಗೊಂಡು ಬಿಡ್ತಾವ.”

ನನ್ನ ಎರಡು ವರ್ಷದ ಎರಡು ಪೆನ್ನು ಆ ಹೊತ್ತು ನನಗೆ ನೆನಪಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನೆನಪಾಯಿತು. ನೆನಪಾದದ್ದಕ್ಕೇ ಕೈ ಇನ್ನಷ್ಟು ಗಟ್ಟಿಯಾಯಿತು. ನನ್ನಂಥವಳೇ ಇವಳೂ, ನನಗಿಂತ ಧೈರ್ಯ ಹೆಚ್ಚು ಅಷ್ಟೇ ಅಂದುಕೊಂಡೆ. ಮಕ್ಕಳಿಗೆ ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಸಲಾಗಿದೆ, ದಾಖಲೆ ಸುಳ್ಳು ಎಂದು ಬರೆದೆ. ಅವರು ಕೇಳಿಕೊಂಡ ಒಂದು ಮಾತನ್ನು ಬರೆಯಲಿಲ್ಲ. ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತು ತಿರುಗಿ ಬರುವಾಗ, ಇವತ್ತೊಂದು ದೊಡ್ಡ ಕಳ್ಳತನ ಹಿಡಿದೆ ಎಂದು ಮನಸ್ಸಿಗೆ ಸಮಾಧಾನವೂ ಆಗಿತ್ತು.

ಸಾಹೇಬರು ಸಾಮಾನ್ಯವಾಗಿ ನನ್ನ ವರದಿಗಳನ್ನು ಓದುತ್ತಿರಲಿಲ್ಲ. ಇದನ್ನು ಓದಿದರು. ತಿಂಗಳೊಳಗೆ ರೇಣುಕಾ ಅಕ್ಕೋರನ್ನು ನಾಲತವಾಡದ ಕಡೆಯ ಬೇರೊಂದು ಹಳ್ಳಿಗೆ ನಿಯೋಜನೆ ಮೇಲೆ ಕಳಿಸಿದರು. ಆ ಮಕ್ಕಳ ಇಂಗ್ಲಿಷ್ ಪಾಠ ಇನ್ನೊಬ್ಬ ಮಾಸ್ತರರ ಪಾಲಿಗೆ ಬಂತು.

ವರ್ಷದ ಕೊನೆಗೆ ಮತ್ತೆ ಆ ಶಾಲೆಗೆ ಹೋದೆ. ಹೊಸ ಮಾಸ್ತರು ಪ್ರಾಮಾಣಿಕ ಮನುಷ್ಯ. ದಿನಾ ಒಂದು ಪಾಠ, ತಪ್ಪದೆ. ರಜಿಸ್ಟರನ್ನು ಮೊಬೈಲಿನ ಜೊತೆ ಹೋಲಿಸಿದೆ, ಫೋಟೋ ನೋಡಿದೆ, ಮಕ್ಕಳನ್ನು ಕೇಳಿದೆ. ಒಂದು ದಿನವೂ ಹೆಚ್ಚು ಕಡಿಮೆ ಇರಲಿಲ್ಲ. ನನ್ನ ಇಡೀ ಸೇವೆಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲದ ದಾಖಲೆ ನೋಡಿದ್ದು ಅದೊಂದೇ.

ಆಮೇಲೆ ಅವರು ಪಾಠ ಹಚ್ಚಿದರು. ಮಕ್ಕಳು ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು. ಡಬ್ಬಿ ಪ್ರಶ್ನೆ ಕೇಳಿತು. ಯಾರೂ ಬಾಯಿ ತೆರೆಯಲಿಲ್ಲ. ಡಬ್ಬಿ ವೆರಿ ಗುಡ್ ಎಂದಿತು. ಇನ್ನೊಂದು ಪ್ರಶ್ನೆ, ಮತ್ತೆ ಮೌನ, ಮತ್ತೆ ವೆರಿ ಗುಡ್. ಪಾಠ ಮುಗಿಯುವ ತನಕ ಹೀಗೇ. ಹಾಡು ಬಂದಾಗಲೂ ಒಂದು ತುಟಿ ಅಲುಗಲಿಲ್ಲ.

“ಇವು ಮೂಕ ಹುಡುಗೂರು ಅದಾವ್ರಿ ಬಾಯಾರ” ಎಂದರು ಮಾಸ್ತರು ಬೇಸರದಿಂದ. “ಉಳದ ಎಲ್ಲಾ ವಿಷಯಕ್ಕ ಬಾಯಿ ಐತಿ. ಡಬ್ಬಿ ಹಚ್ಚಿದ್ರ ಬಾಯಿಗೆ ಬೀಗ. ನಾ ಏನು ಮಾಡ್ಲಿ ಹೇಳ್ರಿ.”

ಕಲಿಸುವ ರೀತಿಯಲ್ಲಿ ಏನೋ ದೋಷವಿರಬೇಕು ಅಂದುಕೊಂಡು ಹೊರಬಿದ್ದೆ. ಶಾಲೆಯ ಮುಂದಿನ ಕಟ್ಟೆಯ ಮೇಲೆ ಭೀಮಪ್ಪ ಎಂಬ ಹಿರಿಯರು ಕೂತಿದ್ದರು. ಶಾಲೆಯ ಸಮಿತಿಯಲ್ಲಿದ್ದವರು, ಆ ಊರಿನ ಗೀಗೀ ಮೇಳದ ಮುಂದಿನ ಹಾಡುಗಾರರು.

“ನೀವ ಏನ್ರಿ ನಮ್ಮ ಅಕ್ಕೋರನ್ನ ಕಳಿಸಿದವರು?”

ಹೌದು, ಆದರೆ ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಸುತ್ತಿದ್ದರು ಎಂದೆ. ಭೀಮಪ್ಪನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಬಸ್ಸು ಹೋದ್ರ ಹೋಗಲಿ, ಸಂಜಿ ಮಟ ನಿಂದರ್ರಿ” ಎಂದರು.

ನಿಂತೆ. ನಂಬಿ ನಿಂತವಳಲ್ಲ, ಇವರೇನು ನಾಟಕ ತೋರಿಸುತ್ತಾರೆ ನೋಡೋಣ ಎಂದು ನಿಂತೆ. ಹೊತ್ತು ಇಳಿದ ಮೇಲೆ ಗುಡಿಯ ಮುಂದೆ ಮೇಳದವರು ತಾಲೀಮಿಗೆ ಕೂತರು. ಹಿಂದೆ ಹಿಮ್ಮೇಳಕ್ಕೆ ಊರಿನ ಮಕ್ಕಳು, ಮೂರನೇ ಇಯತ್ತೆಯ ಆ ಮೂಕ ಮಕ್ಕಳೂ ಸೇರಿ. ಭೀಮಪ್ಪನವರು ದಪ್ಪು ಬಡಿದು ಹೊಸ ಪದವೊಂದನ್ನು ಎತ್ತಿದರು. ಮೊದಲ ಸಲ ಮಕ್ಕಳು ಪ್ರತಿ ಸಾಲಿನ ಕಡೆಯ ಮಾತನ್ನಷ್ಟೇ ಹಿಡಿದು ಎಳೆದರು. ಎರಡನೆಯ ಸಲ ಅರ್ಧ ಸಾಲು ಹಿಡಿದರು. ನಾಲ್ಕನೆಯ ಸಲಕ್ಕೆ ಭೀಮಪ್ಪನವರ ಮಾತು ತುದಿ ಮುಟ್ಟುವ ಮೊದಲೇ ಮಕ್ಕಳು ಪದವನ್ನು ಅವರ ಬಾಯಿಂದ ಕಿತ್ತುಕೊಂಡು ಹಾಡುತ್ತಿದ್ದರು.

“ಮುಂದಿನವ ಉಸುರು ಬಿಡೂಕಿಂತ ಮುಂಚೇನ ಹಿಂದಿನವರು ಎತಗೋಬೇಕ್ರಿ” ಎಂದರು ಭೀಮಪ್ಪನವರು, ಬೆವರು ಒರೆಸಿಕೊಳ್ಳುತ್ತ. “ತಡ ಮಾಡಿದ್ರ ಪದ ಬಿದ್ದು ಹೋಗ್ತೈತಿ. ಇಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತೈತಿ. ರೇಣುಕಾ ಅಕ್ಕೋರು ಎರಡು ತಿಂಗಳು ನಮ್ಮ ಹಿಂದ ಕುಂತು ಇದನ್ನ ನೋಡಿದ್ರು. ಆಮ್ಯಾಲೆ ಹುಡುಗೂರನ್ನ ಎರಡು ಮೇಳ ಮಾಡಿ, ನಿಮ್ಮ ಡಬ್ಬಿನ್ನ ಮುಮ್ಮೇಳಕ್ಕ ಕುಂಡ್ರಿಸಿದ್ರು. ಆಗ ಬಾಯಿ ಬಿಟ್ಟಾವ ನೋಡ್ರಿ.”

ನಾನು ಶಾಲೆಯಲ್ಲಿ ಕಂಡಿದ್ದು ಇದನ್ನೇ. ನನ್ನ ಹೊಸ ಪಾಠದ ಬಾಲ ಹಿಡಿದಾಗ ಅವರು ಕಲಿಯಲು ಶುರು ಮಾಡಿದ್ದರು. ಇನ್ನು ಮೂರು ಸಲ ಕೇಳಿಸಿದ್ದರೆ ಉತ್ತರವೂ ಬರುತ್ತಿತ್ತು. ನಾನು ಒಂದೇ ಸಲ ಕೇಳಿಸಿ ತೀರ್ಪು ಕೊಟ್ಟೆ. ಹುಟ್ಟಿದಾಗಿನಿಂದ ಈ ನೆಲದಲ್ಲೇ ಇದ್ದವಳು, ಗೀಗೀ ಪದ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಇಂಗ್ಲಿಷ್ ಡಬ್ಬಿಯ ಮುಂದೆ ಕೂತ ಮಕ್ಕಳಲ್ಲಿ ನಾನು ಅದನ್ನು ಗುರುತಿಸಲಿಲ್ಲ, ವಂಚನೆಯನ್ನೇ ಹುಡುಕುತ್ತಿದ್ದೆ. ಆ ರಾತ್ರಿ ಭೀಮಪ್ಪನವರ ಮನೆಯವರೇ ಊಟ ಹಾಕಿ ಮಲಗಲು ಚಾಪೆ ಕೊಟ್ಟರು. ಅಂಥ ನಾಚಿಕೆಯ ಊಟವನ್ನು ನಾನು ಇನ್ನೊಂದು ಸಲ ಮಾಡಿಲ್ಲ.

ಎರಡು ದಿನ ಕಳೆದು ಸಾಹೇಬರಿಗೆ ಪತ್ರ ಬರೆದೆ. ನನ್ನ ವರದಿ ತಪ್ಪು, ರೇಣುಕಾ ಅಕ್ಕೋರನ್ನು ತಿರುಗಿ ಅದೇ ಶಾಲೆಗೆ, ಅದೇ ಮಕ್ಕಳಿಗೆ ಕೊಡಬೇಕು ಎಂದು ಬರೆದೆ. ದಾಖಲೆಯ ಸುಳ್ಳಿಗೆ ಅವರೊಬ್ಬರನ್ನೇ ಶಿಕ್ಷಿಸುವುದಾದರೆ, ನಾನೂ ಎರಡು ವರ್ಷ ಸುಳ್ಳು ದಾಖಲೆ ಬರೆದವಳು, ಅದೂ ಪಾಠವನ್ನೇ ಮಾಡದೆ, ಎಂದೂ ಸೇರಿಸಿದೆ. ಸಾಹೇಬರು ಕರೆಸಿದರು. ಬಾಗಿಲು ಹಾಕಿಸಿ ಕೂರಿಸಿದರು.

“ಖರೆ ಹೇಳ್ರಿ ಬಾಯಾರ. ಆಕಿ ಕಡಿಯವರು ಯಾರರ ನಿಮ್ಮ ಮನಿಗೆ ಬಂದಿದ್ರೇನು?”

“ಯಾರೂ ಬಂದಿಲ್ರಿ. ನಾನ ತಪ್ಪು ತಿಳಕೊಂಡಿದ್ದೆ.”

“ಇಷ್ಟು ವರ್ಷ ಒಂದು ವರದಿನೂ ತಿದ್ದದವರು ಈಗ ತಿದ್ದಾಕತ್ತೀರಿ. ಅದೂ ರಿಟಾಯರ್ ಆಗಾಕ ನಾಕು ತಿಂಗಳು ಇರೂ ಮುಂದ.” ಪತ್ರವನ್ನು ಬೆರಳಿನಿಂದ ಕುಟ್ಟಿದರು. “ಎರಡು ವರ್ಷ ಸುಳ್ಳು ಬರದೇನಿ ಅಂತ ನೀವ ಬರದೀರಿ. ಹಂಗಿದ್ದ ಮ್ಯಾಲೆ ಇದನ್ನ ಹ್ಯಾಂಗ ನಂಬಬೇಕು ನಾ?”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಪತ್ರ ಫೈಲಿನಲ್ಲಿ ಹೋಗಿ ಕೂತಿತು. ನಾಲ್ಕು ತಿಂಗಳ ಮೇಲೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇಂಥ ನಿಷ್ಠುರ ತಪಾಸಕಿ ಮತ್ತೆ ಸಿಗುವುದಿಲ್ಲ ಎಂದು ಭಾಷಣ ಮಾಡಿ ನನ್ನನ್ನು ಕಳಿಸಿಕೊಟ್ಟರು.

ರೇಣುಕಾ ಅಕ್ಕೋರು ವರ್ಗಾವಣೆ ಪಡೆದು ಅದೇ ಶಾಲೆಗೆ ತಿರುಗಿ ಬಂದಿದ್ದಾರೆ ಎಂದು ಹೋದ ವರ್ಷ ಗೊತ್ತಾಯಿತು. ಒಂದು ದಿನ ಧೈರ್ಯ ಮಾಡಿ ಹೋದೆ. ಈ ಸಲ ಊರಿನ ಸ್ಟಾಪಿನಲ್ಲೇ ಇಳಿದೆ. ಅವರು ಒಂದನೇ ಇಯತ್ತೆಯಲ್ಲಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಕೊಟ್ಟರು, ಮುಖ ಮಾತ್ರ ಬಿಗಿದೇ ಇತ್ತು.

“ಏನು ಬಂದ್ರಿ ಬಾಯಾರ? ಮತ್ತೇನರ ನೋಡೂದು ಐತೇನು?”

ಇಲ್ಲ, ತಪ್ಪು ಒಪ್ಪಿಕೊಳ್ಳಲು ಬಂದೆ ಎಂದೆ. ಚಡಚಣದ ಕಡೆಯ ಶಾಲೆ, ನನ್ನ ಎರಡು ಪೆನ್ನು, ಸಾಹೇಬರಿಗೆ ಬರೆದ ಪತ್ರ ಎಲ್ಲ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

“ನನಗ್ಯಾಕ ಹೇಳ್ತೀರಿ” ಎಂದರು ಕಡೆಗೆ. “ನಾ ಎಲ್ಲಿದ್ರೂ ಕಲಿಸಿಕೊಂಡು ತಿಂತೇನಿ. ಆ ಹುಡುಗೂರು ಈಗ ಏಳನೇತ್ತೆ ಅದಾವ. ಇವತ್ತಿಗೂ ಇಂಗ್ಲಿಷ ತಾಸಿಗೆ ಬಾಯಿ ತಗ್ಯಾಂಗಿಲ್ಲ. ನಾ ಬಂದ ಮ್ಯಾಲೂ ತಗ್ಯಾಂಗಿಲ್ಲ, ನನ್ನ ಕಂಡ್ರ ತೆಳಗ ನೋಡ್ತಾವ. ಯಾಕಂತ ನನಗೂ ತಿಳೀವಲ್ದು. ಹೇಳೂದಿದ್ರ ಅವರಿಗೆ ಹೇಳ್ರಿ.”

ಏಳನೇ ಇಯತ್ತೆಗೆ ಅವರೇ ಕರೆದುಕೊಂಡು ಹೋದರು. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತರು. ಮಕ್ಕಳು ಎದ್ದು ನಮಸ್ಕಾರ ಮಾಡಿ ಕೂತರು. ಇಷ್ಟೆತ್ತರ ಬೆಳೆದಿದ್ದರು, ನನಗೆ ಒಬ್ಬರ ಗುರುತೂ ಹತ್ತಲಿಲ್ಲ. ನೀವು ಮೂರನೇ ಇಯತ್ತೆಯಲ್ಲಿದ್ದಾಗ ಬಂದು ನಿಮ್ಮ ಪಾಠ ನಿಲ್ಲಿಸಿದವಳು ನಾನು ಎಂದೆ. ನಿಮ್ಮ ಅಕ್ಕೋರು ಕಲಿಸಿದ ರೀತಿ ಸರಿಯಿತ್ತು, ನೀವು ಹಾಡಿದ ರೀತಿಯೂ ಸರಿಯಿತ್ತು, ನನಗೆ ತಿಳಿಯಲಿಲ್ಲ, ತಪ್ಪು ವರದಿ ಬರೆದೆ ಎಂದೆ.

ಹಿಂದಿನ ಸಾಲಿನಿಂದ ಎತ್ತರದ ಒಂದು ಹುಡುಗಿ ಎದ್ದಳು.

“ಒಂದು ಮಾತು ಕೇಳ್ಲೇನ್ರಿ?”

“ಕೇಳವಾ.”

“ಅವತ್ತ ನೀವು ಅಂದಿದ್ರಿ, ಹಿಂಗ ಮುಂದಾಗಿ ಒದರಿದ್ರ ನಿಮ್ಮ ಅಕ್ಕೋರನ್ನ ಇಲ್ಲಿಂದ ಕಳಿಸಿಬಿಡ್ತಾರ ನೋಡ್ರಿ ಅಂತ. ಆಮ್ಯಾಲೆ ಖರೇನ ಕಳಿಸಿದ್ರು. ಅದಕ್ಕ ನಾವೆಲ್ಲಾರೂ ಆಣಿ ಮಾಡಿದ್ವಿರಿ. ಇನ್ನ ಮ್ಯಾಲೆ ಇಂಗ್ಲಿಷದಾಗ ಏನು ಕೇಳಿದ್ರೂ ಯಾರೂ ಬಾಯಿ ತಗೀಬಾರ್ದು, ತಗದ್ರ ಅಕ್ಕೋರು ತಿರುಗಿ ಬರೂದಿಲ್ಲ, ಬಂದ್ರೂ ಮತ್ತ ಕಳಿಸಿಬಿಡ್ತಾರ ಅಂತ. ಹಂಗಾದ್ರ ಅಕ್ಕೋರು ಹೋಗಿದ್ದು ನಮ್ಮಿಂದ ಅಲ್ಲೇನ್ರಿ?”

ಆ ಮಾತು ನಾನು ಅಂದದ್ದು ನನಗೆ ನೆನಪಿರಲಿಲ್ಲ. ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು. ನಾಲ್ಕು ವರ್ಷ ಇಡೀ ವರ್ಗ ಆ ಮಾತನ್ನು ಹೊತ್ತುಕೊಂಡು ಓಡಾಡಿತ್ತು, ಮನೆಯಲ್ಲೂ ಹೇಳದೆ, ಶಾಲೆಯಲ್ಲೂ ಹೇಳದೆ. ಬಾಗಿಲಲ್ಲಿ ರೇಣುಕಾ ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ನನಗೆ ಕಂಡಿತು. ಅವರೂ ಅದನ್ನು ಕೇಳಿದ್ದು ಅವತ್ತೇ.

“ನಿಮ್ಮಿಂದ ಅಲ್ಲವಾ” ಎಂದೆ. “ನನ್ನಿಂದ.”

ಹುಡುಗಿ ಕೂರಲಿಲ್ಲ. ನನ್ನ ಮಾತನ್ನು ಅವಳು ನಂಬಿರಲಿಲ್ಲ. ಬಾಗಿಲ ಕಡೆ ತಿರುಗಿ, ರೇಣುಕಾ ಅಕ್ಕೋರು ಹೌದೆಂದು ತಲೆ ಆಡಿಸುವವರೆಗೂ ಹಾಗೇ ನಿಂತಿದ್ದಳು.